ಕಾಲವನ್ನು ಕೂಡಿಡಬಯಸಿದ ಗಾಯಕ ಜಿಮ್ ಕ್ರೋಚೆ

ಮಗ ಹಾಡುಗಾರನಾಗುವುದು ತಂದೆತಾಯಿಗಳಿಗೆ ಒಪ್ಪಿಗೆಯಿರಲಿಲ್ಲ. 1966ರಲ್ಲಿ ಮದುವೆಯ ಉಡುಗೊರೆಯಾಗಿ 500 ಡಾಲರ್ ನೀಡಿದ ಅವರು, ಆ ಹಣದಿಂದ ಧ್ವನಿಮುದ್ರಿಕೆಯನ್ನೇ ಹೊರತರಬೇಕೆಂದು ಷರತ್ತು ಹಾಕಿದರು. ಅದು ಸೋತರೆ ಮಗ ಕಲಿತ ವಿದ್ಯೆಗೆ ತಕ್ಕ ಉದ್ಯೋಗ ಹಿಡಿದಾನೆಂಬುದು ಅವರ ಎಣಿಕೆ. ಆದರೆ ತಯಾರಾದ 500 ಮುದ್ರಿಕೆಗಳೂ ಮಾರಾಟವಾದವು. ಆ ಮಗನೇ ಅಮೆರಿಕದ ಗಾಯಕ, ಗೀತರಚನಕಾರ ಜಿಮ್ ಕ್ರೋಚೆ.

1943ರ ಜನವರಿ 10ರಂದು ಫಿಲಡೆಲ್ಫಿಯಾದ ಇಟಾಲಿಯನ್ ಮೂಲದ ಕುಟುಂಬವೊಂದರಲ್ಲಿ ಜನಿಸಿದ ಕ್ರೋಚೆ, 1965ರಲ್ಲಿ ವಿಲನೋವಾ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಗಾಯನವೊಂದರಿಂದಲೇ ಸಂಸಾರ ಸಾಗದಾದಾಗ ಲಾರಿ ಓಡಿಸಿದರು, ಕಟ್ಟಡದ ಕೆಲಸ ಮಾಡಿದರು. ಬಾಡಿಗೆ ತೆರಲು ಗಿಟಾರುಗಳನ್ನೂ ಮಾರಿದರು. ಪತ್ನಿ ಇಂಗ್ರಿಡ್ ಗರ್ಭಿಣಿಯೆಂದು ತಿಳಿದಾಗ ಅವರು ರಚಿಸಿದ ಹಾಡು 'ಟೈಮ್ ಇನ್ ಎ ಬಾಟಲ್'. ಪ್ರೀತಿಪಾತ್ರರಿಗಾಗಿ ಕಾಲವನ್ನು ಕೂಡಿಡುವ ಹಂಬಲವೇ ಅದರ ತಿರುಳು. 1971ರ ಸೆಪ್ಟೆಂಬರ್ 28ರಂದು ಮಗ ಹುಟ್ಟಿದ.

1973ರ ಜುಲೈನಲ್ಲಿ ಅವರ 'ಬ್ಯಾಡ್, ಬ್ಯಾಡ್ ಲೀರಾಯ್ ಬ್ರೌನ್' ಜನಪ್ರಿಯತೆಯ ಪಟ್ಟಿಯ ಅಗ್ರಸ್ಥಾನಕ್ಕೇರಿತು. ಕೀರ್ತಿಯೊಡನೆ ಬಿಡುವಿಲ್ಲದ ಪ್ರವಾಸವೂ ಬಂದು ಮನೆ ದೂರವಾಯಿತು. ಸಂಗೀತ ಪ್ರವಾಸಗಳನ್ನು ಬಿಟ್ಟು ಮನೆಗೆ ಮರಳುವ ಇಚ್ಛೆಯನ್ನು ಅವರು ಪತ್ನಿಗೆ ಪತ್ರದಲ್ಲಿ ತಿಳಿಸಿದರು.

1973ರ ಸೆಪ್ಟೆಂಬರ್ 20ರ ರಾತ್ರಿ ಲೂಯಿಸಿಯಾನಾದ ನ್ಯಾಕಿಟಷ್ ಪಟ್ಟಣದಲ್ಲಿ ಕಛೇರಿ ಮುಗಿಸಿ, ಟೆಕ್ಸಾಸಿನ ಶೆರ್ಮನ್‌ಗೆ ತೆರಳಲು ಬಾಡಿಗೆಯ ಪುಟ್ಟ ವಿಮಾನವೇರಿದರು. ನೆಲ ಬಿಟ್ಟೇಳುತ್ತಲೇ ವಿಮಾನವು ರನ್‌ವೇಯ ಕೊನೆಯಾಚೆಗಿದ್ದ ಪೀಕನ್ ಮರಕ್ಕೆ ಬಡಿದು ನೆಲಕ್ಕುರುಳಿತು. ಕ್ರೋಚೆ, ಅವರ ಸಹವಾದಕ ಗಿಟಾರ್ ಕಲಾವಿದ ಮೌರಿ ಮ್ಯೂಲೈಸನ್ ಸೇರಿದಂತೆ ಆರು ಮಂದಿಯೂ ಮೃತಪಟ್ಟರು. ಕ್ರೋಚೆಗೆ ಕೇವಲ 30 ವರ್ಷ. ಮಗನ ಎರಡನೆಯ ಹುಟ್ಟುಹಬ್ಬಕ್ಕೆ ಎಂಟೇ ದಿನ ಉಳಿದಿತ್ತು.

ಚಾಲಕ ಅನನುಭವಿಯಲ್ಲ, 14,000 ಗಂಟೆಗಳಿಗೂ ಮಿಕ್ಕಿ ಹಾರಾಟ ನಡೆಸಿದವರು. ಆದರೆ ಅವರಿಗೆ ತೀವ್ರ ಹೃದಯರೋಗವಿತ್ತು. ಅಂದು ವಸತಿಗೃಹದಿಂದ ನಿಲ್ದಾಣದವರೆಗಿನ ದಾರಿಯಲ್ಲಿ ಸ್ವಲ್ಪ ದೂರ ಓಡಿಯೇ ಬಂದಿದ್ದರು. ದೈಹಿಕ ಅಸ್ವಸ್ಥತೆ ಹಾಗೂ ಕವಿದ ಮಂಜಿನಿಂದಾಗಿ ಅವರಿಗೆ ಮರ ಕಾಣಿಸದೆ ಹೋಯಿತೆಂದು ಸರ್ಕಾರಿ ತನಿಖೆ ತೀರ್ಮಾನಿಸಿತು. ದಣಿದ ದೇಹದ ಮುಂದೆ ಅಷ್ಟೂ ವರ್ಷಗಳ ಅನುಭವ ನಿಷ್ಫಲವಾಯಿತು. ಹೊಣೆಯ ಸ್ಥಾನದಲ್ಲಿರುವವರ ಆರೋಗ್ಯವು ಅವರೊಬ್ಬರ ಸ್ವಂತ ವಿಷಯವಲ್ಲವೆಂಬುದಕ್ಕೆ ಈ ದುರಂತವೇ ಸಾಕ್ಷಿ.

ಇಂಗ್ರಿಡ್‌ಗೆ ಪತಿಯ ಪತ್ರ ತಲುಪಿದ್ದು ಅವರ ಮರಣಾನಂತರ. ಅದೇ ಡಿಸೆಂಬರಿನಲ್ಲಿ, ಕಾಲವನ್ನು ಕೂಡಿಡುವ ಆ ಹಾಡು ಪಟ್ಟಿಯ ಅಗ್ರಸ್ಥಾನಕ್ಕೇರಿತು. ಮಗ ಎ.ಜೆ. ಕ್ರೋಚೆಯೂ ಗಾಯಕರಾಗಿ ಬೆಳೆದು, ತಂದೆಯ ಹಾಡುಗಳನ್ನು ವೇದಿಕೆಯಲ್ಲಿ ಹಾಡಿದ್ದಾರೆ.