ಮೇರಿ ಮ್ಯಾಲನ್: ಒಬ್ಬ ಅಡುಗೆಯವಳ ಬಾಳು

ಅನ್ನವೇ ಪ್ರಾಣವೆಂದು ನಂಬಿ ಬದುಕುವ ಮನುಷ್ಯನಿಗೆ ಅದೇ ಅನ್ನವು ಒಮ್ಮೊಮ್ಮೆ ಪ್ರಾಣಾಪಾಯವನ್ನೂ ತರಬಲ್ಲುದು. ಉಣಬಡಿಸುವ ಕೈ ಪ್ರೀತಿಯದಾಗಿದ್ದರೆ ಸಾಲದು, ಅದು ಶುಚಿಯಾಗಿಯೂ ಇರಬೇಕು. ಈ ಸರಳ ಸತ್ಯವನ್ನು ಜಗತ್ತಿಗೆ ಮನಗಾಣಿಸಿದವರಲ್ಲಿ ವಿಜ್ಞಾನಿಗಳಲ್ಲದ, ಪದವೀಧರರೂ ಅಲ್ಲದ ಒಬ್ಬ ಹೆಣ್ಣುಮಗಳಿದ್ದಾಳೆ. ತಾನು ಬಯಸದೆಯೇ, ತಾನು ನಂಬದೆಯೇ ಆಕೆ ವೈದ್ಯಶಾಸ್ತ್ರದ ಪಾಠವಾಗಿ ಪರಿಣಮಿಸಿದಳು. ಆಕೆಯೇ ಮೇರಿ ಮ್ಯಾಲನ್.

1869ರ ಸೆಪ್ಟೆಂಬರ್ 23ರಂದು ಐರ್ಲೆಂಡಿನ ಕುಕ್ಸ್‌ಟೌನ್ ಎಂಬ ಊರಿನಲ್ಲಿ ಮೇರಿ ಜನಿಸಿದಳು. ಹದಿಹರೆಯದಲ್ಲಿಯೇ ಹೊಟ್ಟೆಪಾಡನ್ನರಸಿ ಕಡಲನ್ನು ದಾಟಿ ಅಮೆರಿಕವನ್ನು ಸೇರಿದಳು. ಮನೆಗೆಲಸದಿಂದ ಬದುಕನ್ನಾರಂಭಿಸಿ ಕ್ರಮೇಣ ಪಾಕಕಲೆಯಲ್ಲಿ ನಿಪುಣಳಾದಳು. ನ್ಯೂಯಾರ್ಕಿನ ಸಿರಿವಂತರ ಮನೆಗಳಲ್ಲಿ ಆಕೆಯ ಕೈರುಚಿಗೆ ಮನ್ನಣೆ ದೊರೆಯಿತು. ದೃಢಕಾಯಳೂ ಸ್ವಾಭಿಮಾನಿಯೂ ಆದ ಆಕೆಗೆ ಅಡುಗೆಯೇ ಜೀವನಾಧಾರ, ಅದೇ ಹೆಮ್ಮೆ.

1906ರ ಬೇಸಗೆಯಲ್ಲಿ ಚಾರ್ಲ್ಸ್ ಹೆನ್ರಿ ವಾರೆನ್ ಎಂಬ ಬ್ಯಾಂಕ್ ಉದ್ಯಮಿಯ ಕುಟುಂಬವು ಲಾಂಗ್ ಐಲೆಂಡಿನ ಆಯ್ಸ್ಟರ್ ಬೇ ಎಂಬಲ್ಲಿ ಬಾಡಿಗೆಯ ಮನೆಯೊಂದರಲ್ಲಿ ತಂಗಿತ್ತು. ಆ ಮನೆಯಲ್ಲಿದ್ದ 11 ಜನರಲ್ಲಿ 6 ಜನ ವಿಷಮಶೀತಜ್ವರಕ್ಕೆ, ಎಂದರೆ ಟೈಫಾಯ್ಡಿಗೆ, ತುತ್ತಾದರು. ಕೊಳಕು ಕೇರಿಗಳ ರೋಗವೆಂದು ಜನ ಭಾವಿಸಿದ್ದ ಈ ಜ್ವರ ಶ್ರೀಮಂತರ ಬಿಡಾರಕ್ಕೆ ಬಂದುದೆಂತು? ನೀರನ್ನೂ ಹಾಲನ್ನೂ ಪರೀಕ್ಷಿಸಿದರೂ ದೋಷ ಕಾಣಲಿಲ್ಲ. ಆಗ ಮನೆಯ ಮಾಲೀಕರು ಜಾರ್ಜ್ ಸೋಪರ್ ಎಂಬ ನೈರ್ಮಲ್ಯ ಇಂಜಿನಿಯರನ್ನು ನೇಮಿಸಿದರು. ರೋಗ ತೋರುವುದಕ್ಕೆ ಕೆಲವೇ ವಾರಗಳ ಮುನ್ನ ಹೊಸ ಅಡುಗೆಯವಳು ಬಂದು, ಆಮೇಲೆ ಕೆಲಸ ಬಿಟ್ಟು ಹೋದ ಸಂಗತಿ ಅವರಿಗೆ ತಿಳಿಯಿತು. ಆಕೆ ಹಿಂದೆ ದುಡಿದಿದ್ದ ಮನೆಗಳ ಜಾಡನ್ನು ಹಿಡಿದು ಹೋದಾಗ, 8 ಕುಟುಂಬಗಳ ಪೈಕಿ 7ರಲ್ಲಿ ಇದೇ ಜ್ವರ ಕಾಣಿಸಿಕೊಂಡಿದ್ದುದು ಬೆಳಕಿಗೆ ಬಂದಿತು.

ಟೈಫಾಯ್ಡಿನ ರೋಗಾಣುವನ್ನು ಎಬರ್ತ್ ಎಂಬ ವಿಜ್ಞಾನಿ 1880ರಲ್ಲಿಯೇ ಗುರುತಿಸಿದ್ದನು. ರೋಗಿಯ ಮಲದೊಡನೆ ಹೊರಬಿದ್ದ ಈ ಸೂಕ್ಷ್ಮಜೀವಿ ನೀರು ಆಹಾರಗಳ ಮೂಲಕ ಇನ್ನೊಬ್ಬರ ಒಡಲನ್ನು ಸೇರುತ್ತದೆ. ಜ್ವರದಿಂದ ಚೇತರಿಸಿಕೊಂಡವರಲ್ಲಿ ನೂರಕ್ಕೆ 1ರಿಂದ 5 ಜನರ ಪಿತ್ತಕೋಶದಲ್ಲಿ ಅದು ವರ್ಷಗಟ್ಟಲೆ ನೆಲೆಸಬಲ್ಲುದು. ಅವರು ನೋಡುವುದಕ್ಕೆ ಆರೋಗ್ಯವಂತರು, ಆದರೂ ರೋಗವಾಹಕರು. ಶೌಚದ ನಂತರ ಸೋಪು ಹಚ್ಚಿ ಚೆನ್ನಾಗಿ ತೊಳೆಯದ ಕೈ ಆಹಾರವನ್ನು ಮುಟ್ಟಿದರೆ ರೋಗಾಣುವಿಗೆ ದಾರಿಯಾಯಿತು. ಕುದಿಸಿ ಬೇಯಿಸಿದ ಅಡುಗೆಯಲ್ಲಿ ಅದು ಸಾಯುತ್ತದೆ. ಹಸಿಯಾಗಿ ಉಣ್ಣುವ ತಣ್ಣನೆಯ ಪದಾರ್ಥಗಳಲ್ಲಿ ಬದುಕಿ ಉಳಿಯುತ್ತದೆ. ಹಸಿ ಪೀಚ್ ಹಣ್ಣಿನ ಹೋಳುಗಳನ್ನು ಬೆರೆಸಿ ಮೇರಿ ಸಿದ್ಧಪಡಿಸುತ್ತಿದ್ದ ಐಸ್‌ಕ್ರೀಮಿನ ಮೂಲಕವೇ ಆ ಮನೆಗೆ ರೋಗ ಹೊಕ್ಕಿರಬೇಕೆಂದು ಸೋಪರರು ಊಹಿಸಿದರು.

1907ರಲ್ಲಿ ಮೇರಿಯನ್ನು ಪತ್ತೆಹಚ್ಚಿ, ಮಲಮೂತ್ರಗಳನ್ನೂ ರಕ್ತವನ್ನೂ ಪರೀಕ್ಷೆಗೆ ಕೊಡಬೇಕೆಂದು ಅವರು ಕೇಳಿದರು. ತನಗೆ ಜ್ವರ ಬಂದ ನೆನಪೇ ಇಲ್ಲದ ಆಕೆಗೆ ಅದು ಅವಮಾನವಾಗಿ ತೋರಿತು. ಅಡುಗೆಮನೆಯ ದೊಡ್ಡ ಮುಳ್ಳುಚಮಚವನ್ನೆತ್ತಿಕೊಂಡು ಅವರನ್ನು ಅಟ್ಟಿದಳು. ಕೊನೆಗೆ ಜೋಸೆಫೀನ್ ಬೇಕರ್ ಎಂಬ ವೈದ್ಯೆ ಪೊಲೀಸರೊಡನೆ ಬಂದು ಆಕೆಯನ್ನು ಆಸ್ಪತ್ರೆಗೆ ಒಯ್ದರು. ಪರೀಕ್ಷೆಯಲ್ಲಿ ರೋಗಾಣುಗಳು ಕಂಡುಬಂದವು. ನಾರ್ತ್ ಬ್ರದರ್ ಎಂಬ ನಡುಗಡ್ಡೆಯಲ್ಲಿ ಆಕೆಯನ್ನು ಒಂಟಿಯಾಗಿ ಇರಿಸಲಾಯಿತು. ಅಪರಾಧವನ್ನೆಸಗದ ತನ್ನನ್ನು ಬಂಧಿಸಿದ್ದು ಅನ್ಯಾಯವೆಂದು 1909ರಲ್ಲಿ ಆಕೆ ನ್ಯಾಯಾಲಯದ ಮೊರೆಹೊಕ್ಕಳು, ಜಯ ದೊರೆಯಲಿಲ್ಲ. ಪತ್ರಿಕೆಗಳು ಆಕೆಗೆ ಟೈಫಾಯ್ಡ್ ಮೇರಿ ಎಂಬ ಹೆಸರನ್ನು ಅಂಟಿಸಿದವು.

1910ರಲ್ಲಿ ಹೊಸ ಆರೋಗ್ಯಾಧಿಕಾರಿಯು, ಇನ್ನು ಮುಂದೆ ಅಡುಗೆಯ ಕೆಲಸ ಮಾಡಕೂಡದೆಂಬ ಕರಾರಿನ ಮೇಲೆ ಆಕೆಯನ್ನು ಬಿಡುಗಡೆ ಮಾಡಿದನು. ಬಟ್ಟೆ ಒಗೆಯುವ ಕೆಲಸವೇನೋ ದೊರೆಯಿತು. ಆದರೆ ಅದರ ಸಂಬಳ ಅಡುಗೆಯ ಸಂಬಳಕ್ಕಿಂತ ಬಹಳ ಕಡಿಮೆ. ತಾನು ರೋಗವಾಹಕಳೆಂಬುದನ್ನು ಮೇರಿ ಕೊನೆಯವರೆಗೂ ನಂಬಲಿಲ್ಲ. ಕೆಲಕಾಲದ ನಂತರ ಹೆಸರನ್ನು ಬದಲಿಸಿಕೊಂಡು ಮತ್ತೆ ಒಲೆಯ ಮುಂದೆ ನಿಂತಳು. 1915ರಲ್ಲಿ ನ್ಯೂಯಾರ್ಕಿನ ಸ್ಲೋನ್ ಹೆರಿಗೆ ಆಸ್ಪತ್ರೆಯಲ್ಲಿ 25 ಜನ ಟೈಫಾಯ್ಡಿನಿಂದ ನರಳಿದರು, ಇಬ್ಬರು ಅಸುನೀಗಿದರು. ಅಲ್ಲಿ ಅಡುಗೆ ಮಾಡುತ್ತಿದ್ದವಳು ಮೇರಿಯೇ. ಈ ಬಾರಿ ಕ್ಷಮೆಯಿರಲಿಲ್ಲ. ಮತ್ತೆ ಅದೇ ನಡುಗಡ್ಡೆ, ಅದೇ ಏಕಾಂತ. 23 ವರ್ಷಗಳನ್ನು ಅಲ್ಲಿ ಕಳೆದಳು. ಬರಬರುತ್ತ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ದುಡಿದಳು. 1932ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ, 1938ರ ನವೆಂಬರ್ 11ರಂದು ಕೊನೆಯುಸಿರೆಳೆದಳು.

ಮೇರಿಯ ಬಾಳನ್ನು ತೂಗುವಾಗ ತಕ್ಕಡಿಯ ಎರಡೂ ತಟ್ಟೆಗಳನ್ನು ನೋಡಬೇಕು. ಮೊದಲ ಬಾರಿ ಆಕೆ ಅರಿಯದೆ ಹಬ್ಬಿಸಿದಳು. ಎರಡನೆಯ ಬಾರಿ ಎಚ್ಚರಿಕೆಯನ್ನು ಕೇಳಿಯೂ ಮಾತು ಮುರಿದಳು. ಆ ಮಾತಿನ ಬೆಲೆಯನ್ನು ಆಸ್ಪತ್ರೆಯ ನಿರಪರಾಧಿಗಳು ತೆರಬೇಕಾಯಿತು. ಇದು ಮರೆಯಬಾರದ ತಪ್ಪು. ಆದರೆ ಆಕೆಯ ಕೈಯಿಂದ ಸೌಟನ್ನು ಕಿತ್ತುಕೊಂಡ ಸಮಾಜವು ಅಷ್ಟೇ ಗೌರವದ ಬೇರೊಂದು ಕಾಯಕವನ್ನು ಆ ಕೈಗೆ ಕೊಡಲಿಲ್ಲ. ಮುಂದೆ ನ್ಯೂಯಾರ್ಕಿನಲ್ಲಿ ನೂರಾರು ರೋಗವಾಹಕರು ಪತ್ತೆಯಾದರೂ ಅವರಾರನ್ನೂ ಹೀಗೆ ಜೀವನಪರ್ಯಂತ ಸೆರೆಯಲ್ಲಿರಿಸಲಿಲ್ಲ. ನಂಬಿಕೆ ಹುಟ್ಟಿಸದ ಅರಿವು ಬರಿಯ ಆಜ್ಞೆಯಾಗುತ್ತದೆ. ಆಜ್ಞೆಯನ್ನು ಹಸಿವು ಮುರಿಯುತ್ತದೆ.

ಟೈಫಾಯ್ಡಿಗೆ ಇಂದು ಲಸಿಕೆಯುಂಟು, ಔಷಧಗಳುಂಟು. ಆದರೆ ಕೆಲವು ಔಷಧಗಳಿಗೆ ಆ ರೋಗಾಣು ಮಣಿಯದಾಗುತ್ತಿದೆ. ರೋಗಾಣು ನಡೆದುಬರುವ ದಾರಿಯೂ ಬದಲಾಗಿಲ್ಲ: ಶೌಚದಿಂದ ಕೈಗೆ, ಕೈಯಿಂದ ತುತ್ತಿಗೆ, ತುತ್ತಿನಿಂದ ಒಡಲಿಗೆ. ಆ ದಾರಿಯನ್ನು ಕಡಿಯಲು ಶುದ್ಧವಾದ ನೀರು, ಸೋಪು, ಚೆನ್ನಾಗಿ ಬೆಂದ ಅಡುಗೆ ಇವು ಇಂದಿಗೂ ಅವಶ್ಯಕ. ಹತ್ತಾರು ಜನರಿಗೆ ಅನ್ನವಿಕ್ಕುವ ಒಲೆಯ ಬಳಿ ಇವುಗಳೊಡನೆ ಇನ್ನೊಂದೂ ಇರಬೇಕು. ಅಡುಗೆ ಮಾಡುವವರಿಗೆ ಕಾಯಿಲೆಯಾದಾಗ ಸಂಬಳ ಕಡಿಯದೆ ಬಿಡುವು ಕೊಡಬೇಕು. ತಿಳಿಯದುದನ್ನು ಗದರದೆ ತಿಳಿಸಬೇಕು. ಅಷ್ಟನ್ನು ಮಾಡಿದ ಅಡುಗೆಮನೆಯಲ್ಲಿ ಇನ್ನೊಬ್ಬ ಮೇರಿ ತನ್ನ ಕಾಯಿಲೆಯನ್ನು ಬಚ್ಚಿಡಬೇಕಾಗಿ ಬರದು.