ಜನರಲ್ ತಿಮ್ಮಯ್ಯನವರೂ ಹಿಮದ ಪಾಠಶಾಲೆಯೂ

ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿನಲ್ಲಿ ಹುಟ್ಟಿ ಬೆಳೆದ ನಮಗೆ ಹಿಮವೆಂಬುದು ಪುಸ್ತಕದಲ್ಲಿ ಓದಿ, ಚಿತ್ರದಲ್ಲಿ ನೋಡಿ ತಿಳಿಯತಕ್ಕ ವಸ್ತು. ಕಬ್ಬಿನ ಗದ್ದೆ, ಕಾಲುವೆಯ ನೀರು, ಬೇಸಗೆಯ ಬಿಸಿಲು, ಇವೇ ನಮ್ಮ ಪರಿಚಿತ ಪ್ರಪಂಚ. ಹೀಗಿದ್ದರೂ, ಹಿಮದಲ್ಲಿ ನಡೆಯುವ ಮತ್ತು ಬದುಕುವ ವಿದ್ಯೆಯನ್ನು ಸ್ವತಂತ್ರ ಭಾರತದ ಸೈನಿಕರಿಗೆ ಕಲಿಸಲು ಶಾಲೆಯನ್ನು ತೆರೆದವರು ನಮ್ಮ ನೆರೆಯ ಕೊಡಗಿನ ವೀರರೊಬ್ಬರು ಎಂಬುದು ಹೆಮ್ಮೆಪಡತಕ್ಕ ಸಂಗತಿ. ಅವರೇ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು.

ತಿಮ್ಮಯ್ಯನವರು 1906ನೆಯ ಇಸವಿ ಮಾರ್ಚಿ 31ರಂದು ಮಡಿಕೇರಿಯಲ್ಲಿ, ಕಾಫಿ ಬೆಳೆಗಾರರ ಮನೆತನದಲ್ಲಿ ಜನಿಸಿದರು. ಬಾಲ್ಯದ ವಿದ್ಯಾಭ್ಯಾಸವು ಕೂನೂರಿನಲ್ಲಿಯೂ ಅನಂತರ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ನಡೆಯಿತು. ಡೆಹರಾಡೂನಿನ ಸೈನಿಕ ವಿದ್ಯಾಲಯವನ್ನೂ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಕಾಲೇಜನ್ನೂ ಮುಗಿಸಿ 1926ರಲ್ಲಿ ಅಧಿಕಾರಿಯಾಗಿ ಸೈನ್ಯವನ್ನು ಸೇರಿದರು. 1935ರಲ್ಲಿ ನೀನಾ ಅವರನ್ನು ವಿವಾಹವಾದರು. ಅದೇ ವರ್ಷ ಕ್ವೆಟ್ಟಾ ನಗರವು ಭೀಕರ ಭೂಕಂಪಕ್ಕೆ ತುತ್ತಾದಾಗ ನವದಂಪತಿಗಳಿಬ್ಬರೂ ಹಗಲಿರುಳೆನ್ನದೆ ಸಂತ್ರಸ್ತರ ಸೇವೆಗೆ ನಿಂತರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಣರಂಗದಲ್ಲಿ ಹೋರಾಡಿ, ಯುದ್ಧಭೂಮಿಯಲ್ಲಿ ಬ್ರಿಗೇಡೊಂದನ್ನು ನಡೆಸಿದ ಪ್ರಥಮ ಭಾರತೀಯರೆಂಬ ಕೀರ್ತಿಗೆ ಪಾತ್ರರಾದರು.

1948ರಲ್ಲಿ ಕಾಶ್ಮೀರದ ಯುದ್ಧಭಾರವು ಅವರ ಹೆಗಲಿಗೆ ಬಂದಿತು. ಆ ವರ್ಷದ ಮೇ 24ರಂದು ವಾಯುದಳದ ಮೆಹರ್ ಸಿಂಗರು ಡಕೋಟಾ ವಿಮಾನವನ್ನು ಮಹಾಪರ್ವತಗಳ ಮೇಲೆ ಹಾರಿಸಿ ಲೇಹ್‌ನಲ್ಲಿ ಇಳಿಸಿದಾಗ ತಿಮ್ಮಯ್ಯನವರು ಅದರಲ್ಲಿದ್ದರು. ನವೆಂಬರು 1ರಂದು 11,500 ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ, ಯಾರೂ ನಿರೀಕ್ಷಿಸದ ರೀತಿಯಲ್ಲಿ, ಟ್ಯಾಂಕುಗಳನ್ನು ಏರಿಸಿ ಲಡಾಖಿನ ದಾರಿಯನ್ನು ತೆರೆದರು. ಮುಂಚೂಣಿಯ ಟ್ಯಾಂಕಿನಲ್ಲಿ ತಾವೇ ಕುಳಿತಿದ್ದರೆಂಬುದು ಅವರ ಧೈರ್ಯಕ್ಕೆ ಸಾಕ್ಷಿ.

ಆದರೆ ಜಯದೊಡನೆ ಒಂದು ಪಾಠವೂ ದೊರೆಯಿತು. ಬಯಲುಸೀಮೆಯಿಂದ ಬಂದ ಯೋಧನಿಗೆ ಶತ್ರುವಿನ ಗುಂಡಿನಷ್ಟೇ ಹಿಮವೂ ಅಪಾಯಕಾರಿ. ಇದಕ್ಕೆ ಶೌರ್ಯವೊಂದೇ ಸಾಲದು, ಶಿಕ್ಷಣ ಬೇಕು. 1948ರ ಡಿಸೆಂಬರಿನಲ್ಲಿ ತಿಮ್ಮಯ್ಯನವರು ಗುಲ್ಮಾರ್ಗಿನಲ್ಲಿ ತಮ್ಮ 19ನೆಯ ಡಿವಿಜನ್ನಿಗೆ ಸ್ಕೀ ಶಾಲೆಯೊಂದನ್ನು ಸ್ಥಾಪಿಸಿದರು. ಅದೇ ಬೆಳೆದು 1962ರಲ್ಲಿ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಎಂಬ ಹೆಸರನ್ನು ಪಡೆಯಿತು.

ಅಲ್ಲಿ ಕಲಿಸುವ ವಿದ್ಯೆಗಳಲ್ಲಿ ಹಿಮಕುಸಿತದಿಂದ ಪಾರಾಗುವ ವಿದ್ಯೆಯು ಮುಖ್ಯವಾದುದು. ಹಳೆಯ ಹಿಮದ ಮೇಲೆ ಹೊಸ ಹಿಮವು ಪದರಪದರವಾಗಿ ಕೂಡುತ್ತದೆ. ನಡುವೆ ಒಂದು ಪದರವು ದುರ್ಬಲವಾಗಿದ್ದರೆ ಮೇಲಿನ ಭಾರವೆಲ್ಲ ಒಮ್ಮೆಗೇ ಜಾರುತ್ತದೆ. 30ರಿಂದ 45 ಡಿಗ್ರಿಗಳ ಇಳಿಜಾರು ಇದಕ್ಕೆ ಬಹಳ ಅನುಕೂಲ. ವಿಹಾರಕ್ಕೆ ಹೋದವರ ದುರಂತಗಳಲ್ಲಿ ಬಹುಪಾಲು, ಸಿಕ್ಕಿದವನ ಅಥವಾ ಅವನ ಜೊತೆಗಾರರ ಹೆಜ್ಜೆಯ ಭಾರದಿಂದಲೇ ಹಿಮವು ಜಾರಿರುತ್ತದೆ. ಹೂತುಹೋದವರನ್ನು ಸುಮಾರು 15 ನಿಮಿಷಗಳೊಳಗೆ ಹೊರತೆಗೆದರೆ ಹೆಚ್ಚಿನವರು ಬದುಕುತ್ತಾರೆ. ತಡವಾದಂತೆ ಆಸೆಯು ಬೇಗಬೇಗನೆ ಕ್ಷೀಣಿಸುತ್ತದೆ. ಆದುದರಿಂದ ದೂರದಿಂದ ಬರುವ ನೆರವಿಗಿಂತ ಜೊತೆಗಾರರ ಕೈಯಲ್ಲಿರುವ ಸಲಿಕೆಯೇ ಪ್ರಾಣರಕ್ಷಕ.

ಇಲ್ಲಿ ವಿಚಾರಮಾಡತಕ್ಕ ಪ್ರಶ್ನೆಯೊಂದಿದೆ. ಹಿಮಕ್ಕೆ ಹೋಗುವವರೆಲ್ಲರಿಗೂ ಒಂದೇ ಶಿಕ್ಷಣವು ಸಾಕೇ? ವಿಹಾರಿಗೆ ಹಿಂದಿರುಗುವ ಸ್ವಾತಂತ್ರ್ಯವುಂಟು. ಆಕಾಶ ಕೆಟ್ಟಿದ್ದರೆ ಅವನು ನಾಳೆ ಹೋಗಬಹುದು, ಹೋಗದೆಯೂ ಇರಬಹುದು. ಅವನು ಕಲಿಯತಕ್ಕದ್ದು ಮುಖ್ಯವಾಗಿ ಅಪಾಯದ ಇಳಿಜಾರನ್ನು ಗುರುತಿಸಿ ದೂರವಿರುವುದನ್ನು, ಮತ್ತು ಜೊತೆಗಾರನನ್ನು ಬೇಗ ಅಗೆದು ತೆಗೆಯುವುದನ್ನು. ಸೈನಿಕನಿಗಾದರೋ ದಿನವನ್ನಾಗಲಿ ದಾರಿಯನ್ನಾಗಲಿ ಆರಿಸಿಕೊಳ್ಳುವ ಹಕ್ಕಿಲ್ಲ. ಇತರರನ್ನು ಕರೆದೊಯ್ಯುವ ಮಾರ್ಗದರ್ಶಿಯ ಮೇಲೆ ಹಲವರ ಪ್ರಾಣದ ಹೊಣೆಯಿದೆ. ಇವರು ದಿನದಿನವೂ ಹಿಮವನ್ನು ಅಗೆದು ಪರೀಕ್ಷಿಸಿ, ಬರೆದಿಟ್ಟು, ಮುಂದಾಗುವುದನ್ನು ಊಹಿಸುವಷ್ಟು ಪರಿಣತಿಯನ್ನು ಪಡೆಯಬೇಕು.

ಗುಲ್ಮಾರ್ಗಿನಲ್ಲಿ ಈ ಭೇದವು ಕಣ್ಣಿಗೇ ಕಾಣುತ್ತದೆ. ಅಲ್ಲಿ ಸೈನಿಕರಿಗೆ ತಿಮ್ಮಯ್ಯನವರ ಶಾಲೆಯಿದ್ದರೆ, ಸಾಮಾನ್ಯ ತರುಣರಿಗೆ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯಿದೆ. 1954ರಲ್ಲಿ ಸ್ಥಾಪಿತವಾದ ಡಾರ್ಜಿಲಿಂಗಿನ ಪರ್ವತಾರೋಹಣ ಸಂಸ್ಥೆಯಲ್ಲಿಯೂ ಪ್ರಾಥಮಿಕ ಶಿಕ್ಷಣ ಬೇರೆ, ಉನ್ನತ ಶಿಕ್ಷಣ ಬೇರೆ. ಈ ವಿಭಜನೆಯಲ್ಲಿ ಮೇಲು ಕೀಳೆಂಬ ಭಾವನೆಗೆ ಎಡೆಯಿಲ್ಲ. ಅಲ್ಪ ಶಿಕ್ಷಣವನ್ನು ಪಡೆದವನು ತನ್ನನ್ನು ಪೂರ್ಣ ಪಂಡಿತನೆಂದು ಭಾವಿಸಿ ಇತರರನ್ನು ಕರೆದೊಯ್ಯದಿರಲೆಂಬುದೇ ಇದರ ಉದ್ದೇಶ.

ಪರಿಣತಿಯೂ ಅಭಯವನ್ನು ಕೊಡಲಾರದು. 2010ರ ಫೆಬ್ರವರಿ 8ರಂದು ಗುಲ್ಮಾರ್ಗಿನ ಬಳಿ ಹಿಮವು ಕುಸಿದು, ಅದೇ ಸೈನಿಕ ಶಾಲೆಯಲ್ಲಿ ಶಿಕ್ಷಣದಲ್ಲಿದ್ದ 17 ಯೋಧರು ಮಡಿದರು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹತ್ತು ಮಂದಿ ಹಿಮದಲ್ಲಿ ಹೂತುಹೋದರು. ಅವರಲ್ಲಿ ಧಾರವಾಡ ಜಿಲ್ಲೆಯ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರು ಆರು ದಿನಗಳ ಮೇಲೆ ಜೀವಂತವಾಗಿ ದೊರೆತು, ಕೊನೆಗೆ ಆಸ್ಪತ್ರೆಯಲ್ಲಿ ಅಸುನೀಗಿದುದನ್ನು ಕನ್ನಡಿಗರು ಮರೆಯುವಂತಿಲ್ಲ. ಕಲಿತವರಿಗೇ ಹೀಗಾದರೆ ಕಲಿಯದೆ ಹೋಗುವವರ ಗತಿಯೇನು?

ತಿಮ್ಮಯ್ಯನವರ ಮುಂದಿನ ಜೀವನವು ಸುಪ್ರಸಿದ್ಧವಾದುದು. 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ಸಮಸ್ಯೆಯನ್ನು ಬಗೆಹರಿಸಲು ನೇಮಿಸಲ್ಪಟ್ಟ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದರು. 1954ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನು ಪಡೆದು, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿದ್ದಾಗಲೇ 1965ರ ಡಿಸೆಂಬರು 18ರಂದು ಹೃದಯಾಘಾತದಿಂದ ನಿಧನಹೊಂದಿದರು.

ಕರ್ನಾಟಕದ ಸಾಹಸ ಅಕಾಡೆಮಿಯು ಇಂದು ಅವರ ಹೆಸರನ್ನೇ ಹೊತ್ತು ತರುಣ ತರುಣಿಯರಿಗೆ ಬಂಡೆ ಏರುವುದನ್ನೂ ಜಲಕ್ರೀಡೆಗಳನ್ನೂ ಕಲಿಸುತ್ತಿರುವುದು ಅರ್ಥಪೂರ್ಣವಾಗಿದೆ. ಸೈನಿಕರ ಶಾಲೆಯನ್ನು ತೆರೆದವರ ಹೆಸರು ವಿಹಾರಿಗಳ ಶಾಲೆಗೂ ದೊರೆತಿದೆ.

ವಿದ್ಯಾರ್ಥಿಮಿತ್ರರೇ, ನಮ್ಮ ನಾಡಿನಲ್ಲಿ ಹಿಮವಿಲ್ಲದಿದ್ದರೂ ಮುತ್ತತ್ತಿಯ ಮಡುವುಗಳಿವೆ, ಗಗನಚುಕ್ಕಿಯ ಜಾರುಬಂಡೆಗಳಿವೆ, ಕುಂತಿಬೆಟ್ಟದ ಕಡಿದಾದ ಏರುಗಳಿವೆ. ಅಂಬಿಗನು ಬಲ್ಲ ಹೊಳೆಯೇ ಬೇರೆ, ರಜೆಯ ದಿನ ಈಜಲಿಳಿಯುವ ನಾವು ಕಾಣುವ ಹೊಳೆಯೇ ಬೇರೆ. ಅಂಬಿಗನ ವಿದ್ಯೆಯೆಲ್ಲವೂ ನಮಗೆ ಬೇಕಾಗಿಲ್ಲ. ಆದರೆ ಎಲ್ಲಿ ಇಳಿಯಬಾರದೆಂಬ ನಮ್ಮ ಪಾಲಿನ ಪಾಠವನ್ನು ಪೂರ್ತಿಯಾಗಿ ಕಲಿತು, ಅದರ ಎಲ್ಲೆಯನ್ನು ಅರಿತು ನಡೆಯುವುದು ನಮ್ಮೆಲ್ಲರ ಕರ್ತವ್ಯ. ಕಲಿಯದೆ ಮುನ್ನುಗ್ಗುವುದನ್ನು ಧೈರ್ಯವೆಂದು ಕರೆಯಲಾಗದೆಂಬುದನ್ನು ಆ ಮಹನೀಯರ ಜೀವನವು ನಮಗೆ ತೋರಿಸಿಕೊಡುತ್ತದೆ.