ನಾನು ಯಾರು ಎಂದು ಕೇಳಿದ ರಮಣ ಮಹರ್ಷಿಗಳು



ಹೋದ ವರ್ಷ ನಮ್ಮ ತಾತ ತೀರಿಕೊಂಡರು. ಅವತ್ತಿನಿಂದ ರಾತ್ರಿ ದೀಪ ಆರಿಸಿದರೆ ನನಗೆ ಭಯ. ನಾನೂ ಒಂದು ದಿನ ಹೀಗೇ ಹೋಗ್ತೀನಲ್ಲ ಅಂತ ನಿದ್ದೆ ಬರ್ತಿರಲಿಲ್ಲ. ಇದೇ ಭಯದಿಂದ ಜ್ಞಾನಿಯಾದ ಒಬ್ಬ ಹುಡುಗನ ಕಥೆ ಓದಿದೆ. ಅದನ್ನು ನಿಮಗಾಗಿ ಬರೆದಿದ್ದೇನೆ.

ರಮಣ ಮಹರ್ಷಿಗಳು 1879ನೇ ಡಿಸೆಂಬರ್ 30ರಂದು ತಮಿಳುನಾಡಿನ ತಿರುಚ್ಚುಳಿ ಎಂಬ ಊರಿನಲ್ಲಿ ಜನಿಸಿದರು. ತಾಯಿ ಅಳಗಮ್ಮಾಳ್. ಚಿಕ್ಕಂದಿನ ಹೆಸರು ವೆಂಕಟರಾಮನ್. ತಂದೆ ಬೇಗ ತೀರಿಕೊಂಡಿದ್ದರಿಂದ ಮಧುರೆಯ ಚಿಕ್ಕಪ್ಪನ ಮನೆಯಲ್ಲಿದ್ದು ಓದುತ್ತಿದ್ದ. ಓದಿಗಿಂತ ಆಟ, ಕುಸ್ತಿ ಅಂದರೆ ಇಷ್ಟ.

1896ರಲ್ಲಿ ಅವನಿಗೆ 16 ವರ್ಷ. ಮಹಡಿಯ ಕೋಣೆಯಲ್ಲಿ ಒಬ್ಬನೇ ಇದ್ದಾಗ, ಕಾಯಿಲೆ ಏನೂ ಇಲ್ಲದಿದ್ದರೂ ಈಗಲೇ ಸಾಯ್ತೀನಿ ಅಂತ ಭಯವಾಯಿತು. ಯಾರನ್ನೂ ಕೂಗಲಿಲ್ಲ. ಹೆಣದ ಹಾಗೆ ಕೈಕಾಲು ಚಾಚಿ ಮಲಗಿ, ತುಟಿ ಮುಚ್ಚಿ, ಉಸಿರು ಬಿಗಿಹಿಡಿದ. ಈ ದೇಹವನ್ನು ಸುಟ್ಟುಬಿಡುತ್ತಾರೆ, ಸರಿ, ಆದರೆ ಇದನ್ನೆಲ್ಲ ತಿಳಿಯುತ್ತಿರುವ ನಾನು ಯಾರು ಎಂದು ಒಳಗೇ ಹುಡುಕಿದ. ದೇಹ ಸತ್ತರೂ ನಾನು ಎಂಬುದು ಸಾಯೋದಿಲ್ಲ ಅಂತ ಅವನಿಗೆ ಗೊತ್ತಾಯಿತು. ಆ ಭಯ ಮತ್ತೆ ಬರಲೇ ಇಲ್ಲ.

ಆಮೇಲೆ ಓದಿನಲ್ಲಿ ಮನಸ್ಸೇ ನಿಲ್ಲಲಿಲ್ಲ. ಒಂದು ದಿನ ಇಂಗ್ಲಿಷ್ ವ್ಯಾಕರಣದ ಪಾಠವನ್ನು ಮೂರು ಸಲ ಬರೆಯುವ ಇಂಪೊಸಿಷನ್ ಇತ್ತು. ಎರಡು ಸಲ ಬರೆದು ಪುಸ್ತಕ ತಳ್ಳಿಬಿಟ್ಟ. ಅಣ್ಣ ಬೈದ. ಅಣ್ಣನ ಕಾಲೇಜು ಫೀಸಿನ 5 ರೂಪಾಯಿಯಲ್ಲಿ 3 ರೂಪಾಯಿ ತೆಗೆದುಕೊಂಡು, ಉಳಿದದ್ದನ್ನು ಚೀಟಿಯ ಜೊತೆ ಇಟ್ಟು ಮನೆ ಬಿಟ್ಟ. ಆ ಚೀಟಿಗೆ ಸಹಿ ಕೂಡ ಹಾಕಲಿಲ್ಲ! ದಾರಿಯಲ್ಲಿ ದುಡ್ಡು ಮುಗಿದಾಗ ಕಿವಿಯ ಕಡಕು ಅಡವಿಟ್ಟು, 1896ನೇ ಸೆಪ್ಟೆಂಬರ್ 1ರಂದು ತಿರುವಣ್ಣಾಮಲೈ ತಲುಪಿದ.

ಅಲ್ಲಿಯ ದೇವಸ್ಥಾನದ ಪಾತಾಳಲಿಂಗದ ಗುಡಿಯಲ್ಲಿ ಹುಳಗಳು ತೊಡೆ ಕಚ್ಚಿ ಗಾಯವಾದರೂ ಧ್ಯಾನದಲ್ಲಿ ಅವರಿಗೆ ತಿಳಿಯಲಿಲ್ಲವಂತೆ. ಆಮೇಲೆ ಅರುಣಾಚಲ ಬೆಟ್ಟದ ವಿರೂಪಾಕ್ಷ ಗುಹೆಯಲ್ಲಿ ತುಂಬಾ ವರ್ಷ ಇದ್ದರು. ಕೇಳಿದವರಿಗೆ ಅವರು ಹೇಳಿದ ದಾರಿ ಒಂದೇ. ಯಾವ ಯೋಚನೆ ಬಂದರೂ ಅದು ಯಾರಿಗೆ ಬಂತು ಎಂದು ಕೇಳಿಕೊಳ್ಳಬೇಕು. ನನಗೆ ಅಂತ ಅನಿಸಿದರೆ, ಆ ನಾನು ಎಲ್ಲಿಂದ ಹುಟ್ಟುತ್ತೆ ಅಂತ ನೋಡಬೇಕು. ಇದಕ್ಕೆ ಮನೆ ಬಿಡಬೇಕಾಗಿಲ್ಲ ಎಂದೂ ಅವರು ಹೇಳುತ್ತಿದ್ದರು.

ಆದರೆ ನನಗೆ ಒಂದು ವಿಷಯದಲ್ಲಿ ಬೇಜಾರಾಯಿತು. ಅವರ ತಾಯಿ ಹುಡುಕಿಕೊಂಡು ಬಂದು ಎಷ್ಟು ಅತ್ತರೂ ಅವರು ಮನೆಗೆ ಹೋಗಲಿಲ್ಲ. ಪಾಪ, ಆ ತಾಯಿ! ಮುಂದೆ 1916ರಲ್ಲಿ ತಾಯಿಯೇ ಬಂದು ಮಗನ ಜೊತೆ ಉಳಿದರು. 1922ರಲ್ಲಿ ಅವರು ತೀರಿಕೊಳ್ಳುವ ದಿನ, ಮಗ ಪಕ್ಕದಲ್ಲೇ ಕೂತು ಎದೆಯ ಮೇಲೆ, ತಲೆಯ ಮೇಲೆ ಕೈ ಇಟ್ಟಿದ್ದರು. ತಾಯಿಯ ಸಮಾಧಿಯ ಹತ್ತಿರವೇ ರಮಣಾಶ್ರಮ ಬೆಳೆಯಿತು. ಇದನ್ನು ಓದಿದ ಮೇಲೆ ಸ್ವಲ್ಪ ಸಮಾಧಾನ ಆಯ್ತು.

ತೋಳಿನಲ್ಲಿ ಗೆಡ್ಡೆಯಾಗಿ, 1950ನೇ ಏಪ್ರಿಲ್ 14ರಂದು ಮಹರ್ಷಿಗಳು ದೇಹ ಬಿಟ್ಟರು.

ಗೆಳೆಯರೇ, ನಾನೂ ಒಂದು ರಾತ್ರಿ ಕಣ್ಣು ಮುಚ್ಚಿ, ಈ ಭಯ ಯಾರಿಗೆ ಆಗ್ತಿದೆ ಅಂತ ಕೇಳಿಕೊಂಡೆ. ಉತ್ತರ ಸಿಗಲಿಲ್ಲ. ಆದರೆ ಹುಡುಕ್ತಾ ಹುಡುಕ್ತಾ ನಿದ್ದೆ ಬಂದುಬಿಡ್ತು. ನೀವೂ ಒಮ್ಮೆ ಕೇಳಿ ನೋಡಿ. ತಪ್ಪಿದ್ದರೆ ಗುರುಗಳು ತಿದ್ದಬೇಕು.

– 7ನೇ ತರಗತಿ